ಕೆಂಪರಾಜು ಕಟ್ಟಿದ ಟೈರಿನ ಕೊಳವೆ

ಪಂಚನಹಳ್ಳಿಯ ಕೆಂಪರಾಜು ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಊರಿಗೆ ಬಂದವರು. ಬಂದ ಮೇಲೆ ಅಜ್ಜಂಪುರದ ಆಚೆಗಿನ ಒಂದು ಖಾಸಗಿ ಕೇಂದ್ರದಲ್ಲಿ, ಬ್ಯಾಂಕ್ ಕಾವಲಿಗೆ ಹೋಗುವವರಿಗೆ ಬಂದೂಕು ಕಲಿಸುತ್ತಿದ್ದರು. ಗುಂಡು ಹಾರಿಸುವ ಜಾಗಕ್ಕೆ ಮೂರು ಕಡೆ ತಗಡಿನ ಗೋಡೆ, ಮೇಲೂ ತಗಡು. ಒಂದೊಂದು ಈಡೂ ತಲೆಯೊಳಗೇ ಸಿಡಿದಂತಾಗುತ್ತಿತ್ತು. ಕಿವಿಗೆಂದು ಕೊಡುತ್ತಿದ್ದುದು ಒಂದು ಚೂರು ಹತ್ತಿ.

ಅವರ ಎಡಗಿವಿ ಹೋಗಿ ಮೂರು ವರ್ಷವಾಗಿತ್ತು. ಬಲಗಿವಿಯಲ್ಲಿ ಹಗಲಿರುಳು ಜೀರುಂಡೆಯ ಕೂಗು. ಕೆಲಸ ಹೋದೀತೆಂದು ಯಾರಿಗೂ ಹೇಳದೆ, ಎದುರಿನವರ ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದರು.

ಒಂದು ದಿನ ತರೀಕೆರೆಯಿಂದ ಕಲಿಯಲು ಬರುತ್ತಿದ್ದ ನಿಖಿತಾ ಹತ್ತು ಈಡು ಹಾರಿಸಿ ಎದ್ದವಳು ಕಿವಿ ಹಿಡಿದುಕೊಂಡಳು. "ಸಾರ್, ಕಿವೀಲಿ ಜೀರುಂಡೆ ಕೂಗ್ದಂಗಾಗ್ತೈತೆ. ಸರಿಹೋಗ್ತದಾ?"

ಕೆಂಪರಾಜು ಅವಳ ಬಂದೂಕು ಇಸಿದುಕೊಂಡು ಪಕ್ಕಕ್ಕಿಟ್ಟರು.

ಮರುದಿನವೇ ಹಳೆಯ ಲಾರಿ ಟೈರುಗಳನ್ನು ಕೊಳವೆಯಂತೆ ಜೋಡಿಸಿ ಒಳಗೆ ತೆಂಗಿನ ನಾರು ತುಂಬಿದರು. ಬಂದೂಕಿನ ಬಾಯಿ ಅದರೊಳಗಿದ್ದರೆ ಸದ್ದು ಅಲ್ಲೇ ಇಂಗೀತೆಂಬ ಆಸೆ. ನಾಲ್ಕನೇ ಈಡಿಗೆ ನಾರು ಹತ್ತಿಕೊಂಡು ಉರಿಯಿತು. ಮಾಲೀಕ ಬೆನಕಪ್ಪ ಹಿಂದಿನಿಂದ ಎಷ್ಟು ಕೂಗಿದರೂ ಕೆಂಪರಾಜು ತಿರುಗಲಿಲ್ಲ. ಅವನೇ ಎದುರಿಗೆ ಬಂದ.

"ಏನಪ್ಪಾ, ನಿಂಗೆ ಕಿವಿ ಕೇಳ್ಸಲ್ವಾ?"

"ಇಲ್ಲ ಕಣ್ರೀ. ಕಲಿಯಕ್ಕೆ ಬಂದಿರೋ ಇವ್ರದ್ದೂ ಹೋಗ್ತೈತೆ. ಇನ್ನೊಂದ್ಸಲ ಮಾಡಕ್ಕೆ ಬಿಡ್ರಿ, ಆಮೇಲೆ ಬೇಕಾದ್ರೆ ನನ್ನ ಕಳಿಸ್ಬಿಡ್ರಿ." ಕೆಂಪರಾಜು ಕೈ ಮುಗಿದರು.

ಈ ಸಲ ನಾರು ಕಿತ್ತು, ಕಲ್ಲಿನ ಎಳೆಗಳಿಂದ ಮಾಡಿದ, ಬೆಂಕಿ ಹತ್ತದ ರಾಕ್‌ವುಲ್ ಹಾಸಿ, ಅದರ ಮೇಲೆ ತೂತಿನ ತಗಡು ಹೊದಿಸಿದರು. ನಿಖಿತಾ ಹಾರಿಸಿದಳು. ಸದ್ದು ತಗ್ಗಿತೋ ಇಲ್ಲವೋ ತಿಳಿಯಲು ಕೆಂಪರಾಜುವಿಗೆ ಕಿವಿಯೇ ಇರಲಿಲ್ಲ. ಒಬ್ಬೊಬ್ಬರ ಮುಖವನ್ನೂ ಹುಚ್ಚರಂತೆ ನೋಡಿದರು. "ಏನಾಯ್ತು? ಯಾರಾದ್ರೂ ಹೇಳ್ರೋ!"

ನಿಖಿತಾ ಎದುರು ನಿಂತು ನಿಧಾನವಾಗಿ ಹೇಳಿದಳು: "ಅರ್ಧಕ್ಕರ್ಧ ಕಮ್ಮಿ ಆಗೈತೆ ಸಾರ್. ಆದ್ರೆ ನನ್ ಕಿವೀಲಿ ಕೂಗೋದು ನಿಂತಿಲ್ಲ."

ಬೆನಕಪ್ಪ ಗುಂಡು ಹಾರಿಸುವ ಆರು ಸಾಲಿಗೂ ಕೊಳವೆ ಹಾಕಿಸಿದ, ಒಳ್ಳೆಯ ಕಿವಿಮುಚ್ಚಳಗಳನ್ನೂ ತರಿಸಿದ. ಕಿವಿ ಕೇಳದವರು ಗುಂಡಿನ ಜಾಗದಲ್ಲಿರಬಾರದೆಂದು ಕೆಂಪರಾಜುವನ್ನು ಮನೆಗೆ ಕಳಿಸಿದ. ಕಿವಿಯ ನರ ಸತ್ತಿದೆ, ಮತ್ತೆ ಚಿಗುರುವುದಿಲ್ಲ ಎಂದು ಶಿವಮೊಗ್ಗದ ವೈದ್ಯರು ಅವರಿಗೆ ಬರೆದು ತೋರಿಸಿದರು.

ಈಗ ವಾರಕ್ಕೊಮ್ಮೆ ಕೆಂಪರಾಜು ಹೆಂಡತಿ ಜವರಮ್ಮನ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂರುತ್ತಾರೆ. "ಆ ಹುಡುಗೀನ ಕೇಳೇ, ಕಿವೀದು ನಿಂತೈತಾ?"

ಜವರಮ್ಮ ಕೇಳಿಸಿಕೊಂಡು, ಇಲ್ಲವೆಂದು ತಲೆಯಾಡಿಸುತ್ತಾಳೆ.