ಇನ್ನೂ ಕಾಯಲೇ?

ಗಾಳಿ ಸೋಕಿತು, ಯಾರೋ ಕರೆದಂತಾಯಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ನಮ್ಮ ಕೇರಿಯಲ್ಲಿ ಮಗುವಿಗೆ ವಾಂತಿಯಾದರೂ ಮೊದಲು ನಿಂಬೆಹಣ್ಣು ಇಳಿಸುತ್ತಿದ್ದರು, ಡಾಕ್ಟರು ಆಮೇಲೆ. ನಮ್ಮಪ್ಪ ಚಳ್ಳಕೆರೆ ಕಡೆಯ ಕ್ವಾರಿಯಲ್ಲಿ ಜಲ್ಲಿ ಒಡೆದು ನನ್ನನ್ನು ಬಿ.ಎಸ್ಸಿ. ಓದಿಸಿದ. ನಮ್ಮ ವಂಶಕ್ಕೇ ಅದು ಮೊದಲ ಡಿಗ್ರಿ. ಕೆಮಿಸ್ಟ್ರಿ ಓದಿದವನು ದೆವ್ವದ ಮಾತಾಡಿದರೆ ಅಪ್ಪ ಒಡೆದ ಜಲ್ಲಿಗೆಲ್ಲ ಅವಮಾನ ಎಂದುಕೊಂಡಿದ್ದೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಹಾಗಾಗಿ ಇದನ್ನು ಬರೆಯಲು ಮುಜುಗರವಿದೆ. ನಂಬಿ ಎಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮದರಾಸು ಚೆನ್ನೈ ಎಂದು ಹೆಸರು ಬದಲಾಯಿಸಿಕೊಂಡು ಹೆಚ್ಚು ವರ್ಷವಾಗಿರಲಿಲ್ಲ. ನಾನು ಅಲ್ಲಿನ ಒಂದು ಪೇಂಟ್ ಕಂಪನಿಯಲ್ಲಿ ಬಣ್ಣ ಹೊಂದಿಸುವ ಕೆಲಸಕ್ಕೆ ಸೇರಿದ್ದೆ. ಪೋರೂರಿನಲ್ಲಿ ಮಹಡಿ ಮೇಲೊಂದು ಶೀಟಿನ ರೂಮು. ಎಗ್ಮೋರ್ ಕಡೆ ರೈಲ್ವೆ, ಬ್ಯಾಂಕುಗಳಲ್ಲಿ ಕನ್ನಡದವರಿದ್ದಾರೆಂದು ಕೇಳಿದ್ದೆ, ಆದರೆ ಯಾರ ಪರಿಚಯವೂ ಇರಲಿಲ್ಲ. ವಾರಗಟ್ಟಲೆ ಒಂದು ಕನ್ನಡದ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಸ್ನಾನ ಮಾಡುವಾಗ ಬಕೆಟ್ಟಿನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದೆ ಎಂದರೆ ನೀವು ನಗಬಹುದು.

ಸ್ಪ್ರೇ ಹೊಡೆಯುವ ಸೆಲ್ವಂ ನನ್ನ ಜೊತೆಗಾರ, ನನ್ನದೇ ವಯಸ್ಸು. ನಾನು ಸೇರಿದ ಹೊಸದರಲ್ಲಿ ಅವನು ಬಣ್ಣ ಹೊಡೆದ ತಗಡೊಂದನ್ನು ಗೋಡೆಗೆ ಒರಗಿಸಿ, "ಕಾಯಟ್ಟುಂ ಸಾರ್" ಎಂದು ಹೋದ. ತಮಿಳಿನಲ್ಲಿ ಹಾಗೆಂದರೆ ಒಣಗಲಿ ಎಂದು. ನನಗೇನು ಗೊತ್ತು? ಕಾಯಲು ಹೇಳಿದ ಎಂದುಕೊಂಡು ಊಟಕ್ಕೂ ಹೋಗದೆ ತಗಡಿನ ಪಕ್ಕದಲ್ಲೇ ನಿಂತಿದ್ದೆ. "ಪಾರುಂಗಡಾ, ಬಿಎಸ್ಸಿ ಸಾರ್ ಪೇಂಟುಕ್ಕು ಕಾವಲ್ ನಿಕ್ಕಿರಾರು!" ಎಂದು ಶೆಡ್ಡಿನವರನ್ನೆಲ್ಲ ಕರೆದು ತೋರಿಸಿದ. ಪೇಂಟಿಗೆ ಕಾವಲು ನಿಂತವನು ಎಂಬ ಹೆಸರು ಆಮೇಲೂ ನನ್ನನ್ನು ಬಿಡಲಿಲ್ಲ.

ಗಡಿಯ ಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಊರಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇನೆಯಿಂದ ನಿವೃತ್ತವಾದ ಹಳೆಯ ಹೆಲಿಕಾಪ್ಟರ್ ಬಂತು. ಮೈಯೆಲ್ಲ ಬಿಳಿ, ನಡುವೆ ಕಿತ್ತಳೆ ಪಟ್ಟೆ. ಕಾಲೇಜಿನವರಿಗೆ ಆ ಬಣ್ಣ ಬೇಡ. ಹಿಂದೊಂದು ಯುದ್ಧದಲ್ಲಿ ಹಾರಿದಾಗ ಹೇಗಿತ್ತೋ ಹಾಗೇ ಬೇಕು. ಆದರೆ ಹೇಗಿತ್ತು ಎಂಬುದಕ್ಕೆ ಯಾರ ಬಳಿಯೂ ಫೋಟೋ ಇಲ್ಲ. ಬಣ್ಣದ ಪದರಗಳಿಂದಲೇ ಅದನ್ನು ಕಂಡುಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಸರಿಯಾಗಿ ಮುಗಿಸಿದರೆ ನೌಕರಿ ಖಾಯಂ, ತಪ್ಪಿದರೆ ಊರಿನ ದಾರಿ ಎಂದು ಮ್ಯಾನೇಜರು ಮುಖಕ್ಕೇ ಹೇಳಿದ್ದರು. "ಡಿಗ್ರಿ ಮಾಡಿದೋನು ವಾಪಸು ಬಂದ" ಎಂದು ಕೇರಿಯವರು ಅಪ್ಪನನ್ನು ಆಡಿಕೊಳ್ಳುವುದನ್ನು ನೆನೆದು ರಾತ್ರಿ ಎದ್ದು ಬಣ್ಣದ ಲೆಕ್ಕವನ್ನು ಮತ್ತೆ ನೋಡುತ್ತಿದ್ದೆ.

ಉಜ್ಜುಕಾಗದದಿಂದ ಒಂದು ಜಾಗವನ್ನು ಓರೆಯಾಗಿ ಸವೆಸುತ್ತ ಹೋದರೆ ಹಳೆಯ ಬಣ್ಣಗಳು ಒಂದರೊಳಗೊಂದು ಬಳೆ ಇಟ್ಟ ಹಾಗೆ ತೋರುತ್ತವೆ. ಕಿತ್ತಳೆಯ ಕೆಳಗೆ ಬೂದು, ಅದರ ಕೆಳಗೆ ಹೊಳಪೇ ಇಲ್ಲದ ಮಂಕು ಹಸಿರು. ಕಿತ್ತಳೆ ಶಾಂತಿಯ ಕಾಲದ್ದು. ಹೆಲಿಕಾಪ್ಟರು ಎಲ್ಲಾದರೂ ಬಿದ್ದರೆ ಹುಡುಕುವವರ ಕಣ್ಣಿಗೆ ಬೀಳಲಿ ಎಂದು. ಯುದ್ಧ ಬಂದರೆ ಎಲ್ಲ ತಿರುಗುಮುರುಗು. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಬಿಳಿ ಅಕ್ಷರಗಳು. ಊಟದ ತಟ್ಟೆಗಿಂತ ದೊಡ್ಡದಾಗಿದ್ದ, ದೇಶದ ಗುರುತಾದ ಮೂರು ಬಣ್ಣದ ವೃತ್ತ ಬಟ್ಟಲಿನಷ್ಟಾಗುತ್ತದೆ. ಯಾರಿಗೂ ಕಾಣದಿರುವುದೇ ಯುದ್ಧದ ಬಣ್ಣದ ಕೆಲಸ. ಈ ಹಸಿರನ್ನು ಅವಸರದಲ್ಲಿ ಬ್ರಷ್ಷಿನಲ್ಲೇ ಬಳಿದಿದ್ದರು. ಬ್ರಷ್ಷಿನ ಕೂದಲು ಅಲ್ಲಲ್ಲಿ ಬಣ್ಣದೊಳಗೇ ಸಿಕ್ಕಿಕೊಂಡಿತ್ತು. ಬಳಿದ ಕೈ ಯಾರದೋ ಎಂದು ನಾನು ಆಗ ಯೋಚಿಸಲಿಲ್ಲ.

ಅಲ್ಲಿನವರು ಕತ್ತರಿ ಬಿಸಿಲು ಎನ್ನುವ ಮೇ ತಿಂಗಳ ಉರಿಯ ಒಂದು ಮಧ್ಯಾಹ್ನ. ಕಾಲೇಜಿಗೆ ರಜೆ, ಮೈದಾನದಲ್ಲಿ ನಾವಿಬ್ಬರೇ. ಸೆಲ್ವಂ ಆಚೆ ಬದಿಯಲ್ಲಿ ಕಿಟಕಿಗಳಿಗೆ ಪೇಪರು ಅಂಟಿಸುತ್ತಿದ್ದ. ನಾನು ಈಚೆ, ಬಾಲದ ಹತ್ತಿರ, ಹಸಿರಿನ ಪಕ್ಕ ಬಣ್ಣದ ಚೀಟಿ ಹಿಡಿದು ಹೊಂದಿಸುತ್ತಿದ್ದೆ. ಹೆಬ್ಬೆರಳು ಹಸಿರಿಗೆ ತಾಗಿತು. ಅಂಟಿತು. ಎಳೆದು ನೋಡಿದರೆ ಬೆರಳ ತುದಿಯಲ್ಲಿ ಹಸಿ ಬಣ್ಣ. ನಾನು ನೀರಾಗಲಿ ಥಿನ್ನರಾಗಲಿ ಮುಟ್ಟಿರಲಿಲ್ಲ. ಆ ಪದರ ನಾನು ಹುಟ್ಟುವ ಮುಂಚಿನದು.

ಆಗ ಕಿವಿಯ ಪಕ್ಕದಲ್ಲೇ ಒಂದು ದನಿ, "ಇನ್ನೂ ಕಾಯಲೇ?"

ಹೆದರಿಸುವ ದನಿಯಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಬಹಳ ಹೊತ್ತು ಕೂತವರು ಕೇಳುತ್ತಾರಲ್ಲ, ಹಾಗೆ. ನನಗೆ ಭಯವಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಕನ್ನಡ! ಯಾರು, ಎತ್ತ ಎಂದು ನೋಡುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ಸ್ವಲ್ಪ ಕಾಯಿ, ಬಂದೆ."

ತಿರುಗಿದರೆ ಯಾರೂ ಇಲ್ಲ. ಸೆಲ್ವಂ ಹೆಲಿಕಾಪ್ಟರಿನ ಹೊಟ್ಟೆಯಡಿಯಿಂದ ಬಗ್ಗಿ ತೂರಿ ಬಂದ. "ಎದು ಸಾರ್ ಕಾಯಲೆ? ಇಂದ ವೆಯಿಲ್ಲೆ ವಡಾಂ ಪೋಟ್ಟಾಲೇ ಉಡನೆ ಕಾಂಜುಡುಂ!" ಈ ಬಿಸಿಲಲ್ಲಿ ಸಂಡಿಗೆ ಇಟ್ಟರೂ ಆಗಲೇ ಒಣಗುತ್ತದೆ, ಯಾವುದು ಒಣಗಿಲ್ಲ ಎನ್ನುತ್ತೀರಿ ಎಂದು ಅವನ ಪ್ರಶ್ನೆ.

"ನಾನು ಹೇಳಲಿಲ್ಲ," ಎಂದೆ.

"ವಿಳಯಾಡಾದೀಂಗ. 'ಇನ್ನುಂ ಕಾಯಲೆ'ನ್ನು ನೀಂಗದಾನೇ ಸೊನ್ನೀಂಗ?"

ಆಟ ಆಡಬೇಡಿ, ನೀವೇ ತಾನೇ ಹೇಳಿದ್ದು, ಇನ್ನೂ ಒಣಗಿಲ್ಲ ಎಂದು! ಅವನೂ ಅದನ್ನೇ ಕೇಳಿದ್ದ. ಅದೇ ಶಬ್ದ, ಅವನ ಕಿವಿಗೆ ತಮಿಳಾಗಿ. ನಾನು ಹೆಬ್ಬೆರಳು ತೋರಿಸಿದೆ. ಅವನ ನಗು ನಿಂತಿತು. ಹೋಗಿ ಆ ಜಾಗವನ್ನು ಉಗುರಿನಿಂದ ಗೀರಿದ. ಕಲ್ಲಿನ ಹಾಗೆ ಗಟ್ಟಿ. ನಾನು ಥಿನ್ನರಿನ ಬಟ್ಟೆಯಲ್ಲಿ ಒತ್ತಿ ಒರೆಸಿದೆ, ಬಟ್ಟೆಗೆ ಒಂದಿಷ್ಟೂ ಬಣ್ಣ ಹತ್ತಲಿಲ್ಲ. ನನ್ನ ಬೆರಳು ಮಾತ್ರ ಹಸಿರಾಗಿಯೇ ಇತ್ತು.

ಸೆಲ್ವಂ ಮೆಲ್ಲಗೆ ಕೇಳಿದ, "ಯಾರ್ ಸಾರ್ ಅದು? ಉಂಗ ಊರ್ ಆಳಾ?"

ನಿಮ್ಮ ಊರಿನವನಾ ಎಂದು. ನಾನು ಥಿನ್ನರಿನ ಬಟ್ಟೆ ಮಡಚಿಟ್ಟೆ. ಪರೀಕ್ಷೆಯಲ್ಲಿ ಪದರ ಗಟ್ಟಿಯಾಗಿದ್ದರೆ ಮೇಲೆ ಬಣ್ಣ ಹೊಡೆಯಬಹುದು, ನಿಯಮ ಅಷ್ಟೇ. ಸಂಜೆಯೊಳಗೆ ಹೊಡೆದೆವು. ಬಾಲದ ಕಡೆ ಬರಲು ಸೆಲ್ವಂ ಒಪ್ಪಲಿಲ್ಲ, ಅಲ್ಲಿ ನಾನೇ ಸ್ಪ್ರೇ ಗನ್ನು ಹಿಡಿದೆ. ಹಳೆಯ ಹಸಿರಿನ ಮೇಲೆ ಹೊಸ ಹಸಿರು ಕೂತಿತು, ಎಲ್ಲಿ ಯಾವುದು ಎಂದು ನನಗೂ ಗುರುತು ಸಿಗದಷ್ಟು. ಮ್ಯಾನೇಜರು ಬೆನ್ನು ತಟ್ಟಿದರು, ಕೆಲಸ ಖಾಯಂ ಆಯಿತು. ಅಪ್ಪ ಕೇರಿಗೆಲ್ಲ ಮಂಡಕ್ಕಿ ಹಂಚಿದನಂತೆ.

ಕಾರಣ ಹುಡುಕದೆ ಇದ್ದವನಲ್ಲ ನಾನು. ಬಿಸಿಲಿಗೆ ಬಣ್ಣ ಮೆದುವಾಗಿರಬಹುದು. ಹಾಗಾದರೆ ಮರುಕ್ಷಣ ಗಟ್ಟಿಯಾದದ್ದೇಕೆ? ಒಂಟಿತನದಲ್ಲಿ ನಾನೇ ಗೊಣಗಿಕೊಂಡು ನಾನೇ ಉತ್ತರಿಸಿರಬಹುದು. ಇದು ನನಗೆ ಎಲ್ಲಕ್ಕಿಂತ ಸರಿ ಎನಿಸುತ್ತದೆ, ಆದರೆ ಆ ದನಿ ನನ್ನದಾಗಿರಲಿಲ್ಲ. ಆ ದನಿಯವನು ತಮಿಳಿನವನಾಗಿದ್ದರೆ, ತಾನು ಬಳಿದ ಬಣ್ಣ ಒಣಗಿಲ್ಲ ಎಂದಷ್ಟೇ ಹೇಳಿದ ಯಾರೋ ಪೇಂಟರು. ಅವನಿಗೆ ನನ್ನಿಂದ ಏನೂ ಬೇಕಿಲ್ಲ. ಕನ್ನಡದವನಾಗಿದ್ದರೆ, ನಾನು ಒಬ್ಬನಿಗೆ ಕಾಯಿ ಎಂದು ಹೇಳಿ, ಅವನ ಮೇಲೆ ಬಣ್ಣ ಬಳಿದು ಬಂದಿದ್ದೇನೆ.

ಮದುವೆಯಾಗಿ ವೇಲಚೇರಿಯಲ್ಲಿ ಮನೆ ಮಾಡಿದ ಮೇಲೆ ಒಮ್ಮೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. "ಅಷ್ಟ್ಯಾಕೆ ಒದ್ದಾಡ್ತೀರಿ? ಒಂದ್ಸಲ ಹೋಗಿ, ಕಾಯ್ಬೇಡಪ್ಪ ಹೋಗು ಅಂದ್ ಬನ್ನಿ, ಮುಗೀತು," ಎಂದಳು. ಸರಿಯಾದ ಮಾತು. ಒಂದು ಬಸ್ಸಿನ ದೂರ. ಎಷ್ಟೋ ಭಾನುವಾರ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿದ್ದೇನೆ.

ಹೋಗಿಲ್ಲ. ಹೆದರಿಕೆಯಿಂದಲ್ಲ. ಆ ಊರಿನ ಆ ದಿನಗಳಲ್ಲಿ ನನ್ನನ್ನು ಕನ್ನಡದಲ್ಲಿ ಮಾತಾಡಿಸಿದ್ದು ಅವನೊಬ್ಬನೇ. ಅವನಿಗೆ ಹೋಗು ಎನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ.