ಅಂಗಿ ಬಿಚ್ಚಿಸುವ ಬೆರಿಲ್ ಸಿಸ್ಟರ್

ಮೆಲ್ಬರ್ನಿನಿಂದ ದೂರದ, ಹೈನುಗಾರರ ಸೀಮೆ ಗಿಪ್ಸ್‌ಲ್ಯಾಂಡಿನ ಒಂದು ಪುಟ್ಟ ಆಸ್ಪತ್ರೆಗೆ ಹಸುವಿನಿಂದ ಎದೆಗೆ ಒದೆಸಿಕೊಂಡು ಬರುವ ಗಂಡಸರಿಗೆಲ್ಲ ಬೆರಿಲ್ ಸಿಸ್ಟರ್ ಹೇಳುವ ಮೊದಲ ಮಾತು, "ಅಂಗಿ ಬಿಚ್ಚು." ಅವರೂ ಒದೆ ಬಿದ್ದ ಕೂಡಲೇ ಬರುವವರಲ್ಲ, ಉಳಿದ ಹಸುಗಳ ಹಾಲು ಕರೆದು, ಕೊಟ್ಟಿಗೆ ತೊಳೆದು ಬರುವವರು. "ಪಕ್ಕೆಲುಬು ನೋವು ಕಣಮ್ಮ, ಒಂದು ಮಾತ್ರೆ ಕೊಡು ಸಾಕು." "ಹಸು ಒದ್ದಿದ್ದು ಎದೆಗೋ ತಲೆಗೋ? ಒದೆತಕ್ಕೆ ಹೃದಯದ ರಕ್ತನಾಳ ಹರಿದು ರಕ್ತ ಹೆಪ್ಪುಗಟ್ಟಿದ್ರೆ ಹಾರ್ಟ್ ಅಟ್ಯಾಕೇ ಆಗುತ್ತೆ ಮಾರಾಯ. ಮಲ್ಕೋ." ಇಸಿಜಿ ಸರಿಯಿದ್ದರೂ ಬಿಡಳು, ಪರೀಕ್ಷೆಗೆ ರಕ್ತ ತೆಗೆದು, ಕೆಲವು ಗಂಟೆ ಅಲ್ಲೇ ಮಲಗಿಸಿ, ಮತ್ತೆ ಇಸಿಜಿ ಮಾಡುತ್ತಾಳೆ. ಗೆರೆ ಏರುಪೇರಾದರೆ ಡಾಕ್ಟರನ್ನು ಕೂಗಿ, ಕಟ್ಟಿಕೊಂಡ ನಾಳ ಬಿಡಿಸಲು ಮೆಲ್ಬರ್ನಿಗೆ ಒಯ್ಯುವ ಹೆಲಿಕಾಪ್ಟರ್ ಹತ್ತಿಸುವವರೆಗೂ ಮಂಚದ ಪಕ್ಕದಿಂದ ಕದಲಳು. ಎದೆಗೆ ಬಾಗಿಲು ತಾಗಿಸಿಕೊಂಡ ಪಾದ್ರಿಯ ಅಂಗಿಯನ್ನೂ ಬಿಚ್ಚಿಸಿದಳೆಂದು ಊರು ನಗುತ್ತದೆ. ಮನೆಯಲ್ಲಿ ಅವಳ ಪಾತ್ರೆಗಳೆಲ್ಲ ಫಳಫಳ. ಒಂದು ಟೀ ಕಪ್ಪಿನ ತಳದಲ್ಲಿ ಮಾತ್ರ ಕಂದು ಕಲೆ. ಮದುವೆಯಾದ ಮೇಲೆ ಗಂಡ ಕ್ಲೆಮ್ ತೊಳೆದ ಒಂದೇ ಒಂದು ಪಾತ್ರೆ ಅದು. ಅವನೆದೆಗೂ ಹಸು ಒದ್ದ ಸಂಜೆ, ತನಗೇನೂ ಆಗಿಲ್ಲವೆಂದು ತೋರಿಸಲು, ಎದೆ ಒತ್ತಿಕೊಂಡೇ ತೊಳೆದಿಟ್ಟು ಮಲಗಿದವನು ಏಳಲಿಲ್ಲ. ದಿನವೂ ಅದನ್ನು ಸಿಂಕಿನವರೆಗೆ ಒಯ್ಯುತ್ತಾಳೆ. "ಸರಿಯಾಗಿ ತೊಳೆದಿಲ್ಲ ಕಣೋ. ಬಾ, ಇನ್ನೊಂದ್ಸಲ ತೊಳಿ" ಎಂದು ಗದರಿ, ಕಲೆಯನ್ನು ಬೆರಳಿನಿಂದ ಸವರಿ, ಹಾಗೆಯೇ ಕಪಾಟಿನಲ್ಲಿಡುತ್ತಾಳೆ.