ನಾಕಾದವನ ಪಾಲು

ಡಬ್ಬಿಯ ಮುಚ್ಚಳ ತೆಗೆದೊಡನೆ ಹುರಿದ ಶೇಂಗಾ, ಬೆಲ್ಲ, ಏಲಕ್ಕಿಯ ವಾಸನೆ ಗಮ್ಮೆಂದು ಎದ್ದಿತು. ತೆಗೆದವಳು ನಾನಲ್ಲ, ಕಾವಲುಗಾರ. ಕಪ್ಪತಗುಡ್ಡದ ಇಳಿಜಾರು ಮುಗಿದು ತುಂಗಭದ್ರೆಯ ಬಯಲು ಶುರುವಾಗುವಲ್ಲಿ, ನನ್ನ ತವರೂರಿನ ಹೊರಗೆ, ಈಗೊಂದು ಕಮಾನು ಎದ್ದಿದೆ. ಅದರ ಮೇಲೆ ‘ಚಾರಣ ಪಥ’ ಎಂದು ಹಸಿರು ಬಣ್ಣದಲ್ಲಿ ಬರೆದಿದ್ದಾರೆ. ನಾವು ಹುಟ್ಟಿದಾಗಿನಿಂದ ಮಾಡಿದ್ದು ಚಾರಣವೆಂದು ನಮಗೆ ಗೊತ್ತೇ ಇರಲಿಲ್ಲ ನೋಡಿ. ಬರೀ ನಡೆಯುತ್ತಿದ್ದೇವೆ ಅಂದುಕೊಂಡಿದ್ದೆವು.

ಗದಗಿನ ಡಾಕ್ಟರು ನನ್ನ ಮೊಣಕಾಲು ತಟ್ಟಿ ನೋಡಿ ದಿನಾ ನಡೆಯಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನಡೆಯುವುದಕ್ಕೂ ಚೀಟಿ ಬೇಕಾಗುವ ವಯಸ್ಸು. ನನ್ನ ಸೋದರಮಾವನ ಮೊಮ್ಮಗಳು ಸವಿತಾ ನನಗೆ ಬೂಟು ಹಾಕಿಸಿ, ನಾಗರ ಪಂಚಮಿಯ ರಜೆಯಲ್ಲಿ ಇಲ್ಲಿಗೆ ಕರೆತಂದಿದ್ದಳು. ಕಮಾನಿನ ಪಕ್ಕದ ಫಲಕವನ್ನು ಅವಳೇ ಓದಿ ಹೇಳಿದಳು: ನದಿಯ ಸೊಬಗನ್ನು ಸವಿಯಲೆಂದೇ ನಮ್ಮ ಪೂರ್ವಜರು ಈ ದಾರಿಯನ್ನು ಸುತ್ತುಬಳಸಿ ಒಯ್ದರಂತೆ. ಆ ಪೂರ್ವಜರಲ್ಲಿ ನಾನೂ ಒಬ್ಬಳು. ನಾವು ಸವಿದ ಸೊಬಗು ಎಂಥದೆಂದು ನಿಮಗಾದರೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಕಾವಲುಗಾರ ನನ್ನ ಚೀಲಕ್ಕೆ ಕೈ ಹಾಕಿದ್ದ. “ಪ್ಲಾಸ್ಟಿಕ್ ಒಯ್ಯಂಗಿಲ್ರಿ ಆಯಿ. ಇದರಾಗ ಏನೈತ್ರಿ?” ಎನ್ನುತ್ತ ಒಂದು ಉಂಡಿಯನ್ನು ಬೆರಳಿನಿಂದ ಒತ್ತಿದ. ಉಂಡಿ ಎರಡು ಹೋಳಾಯಿತು.

“ಒಡೀಬ್ಯಾಡ!” ಎಂದು ಕೂಗಿದೆ. ನನಗೇ ಗಾಬರಿಯಾಗುವಷ್ಟು ಜೋರಾಗಿತ್ತು ಧ್ವನಿ. ಸವಿತಾ ಕಣ್ಣುಬಿಟ್ಟು ನೋಡಿದಳು. ಒಂದು ಉಂಡಿಗೆ ಇಷ್ಟು ಸಿಟ್ಟೇಕೆಂದು ಅವಳಿಗೆ ಹೇಗೆ ತಿಳಿಯಬೇಕು? ಇದೇ ನೆಲದಲ್ಲಿ ನಮ್ಮ ಉಂಡಿ ಒಡೆದ ಮೊದಲ ಮನುಷ್ಯ ಅವಳ ಮುತ್ಯಾ, ಅಂದರೆ ನನ್ನ ಸೋದರಮಾವನೇ.

ಆಗ ನಮ್ಮೂರು ಇಂಗ್ಲಿಷರದು, ಮುಂಡರಗಿ ಕಡೆಯದು. ಒಂದು ಹರದಾರಿ ಆಚೆಗಿನ ಮಾವನ ಊರು ಶಿರಹಟ್ಟಿ ಕಡೆಯದು, ಸಂಸ್ಥಾನದ್ದು. ಎರಡೂ ಊರಿನ ಎಮ್ಮೆಗಳು ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತಿದ್ದವು. ಮನುಷ್ಯರಿಗೆ ಮಾತ್ರ ನಡುವೆ ನಾಕಾ. ನೇರ ಬಂಡಿದಾರಿಗೆ ಅಡ್ಡವಾಗಿ ಒಂದು ಗಳ, ಬೇವಿನ ಮರದ ಕೆಳಗೊಂದು ಕೋಣೆ, ಅದರೊಳಗೆ ಕರಿ ಕೋಟು ಹಾಕಿದ ಒಬ್ಬ ಕಾರಕೂನ. ಬೆಲ್ಲ, ತುಪ್ಪ, ತಂಬಾಕು ಏನೇ ದಾಟಿದರೂ ಸುಂಕ. ಆ ಕಾರಕೂನನೇ ನನ್ನ ಮಾವ, ಅವ್ವನ ಒಬ್ಬನೇ ಅಣ್ಣ. ಸಂಸ್ಥಾನದ ಇಡೀ ಭಾರ ತನ್ನ ಹೆಗಲ ಮೇಲಿದೆಯೆಂದು ನಂಬಿದ್ದ ಮಹಾನುಭಾವ. ನಾವು ಬಂದರೆ ಮಾತ್ರ ಗಳ ತಾನಾಗಿ ಮೇಲೇಳುತ್ತಿತ್ತು.

ನನಗೆ ಎಂಟು ವರ್ಷವಿದ್ದಾಗಿನ ಪಂಚಮಿಯಲ್ಲಿ ಅದು ಏಳಲಿಲ್ಲ. ಅಂದು ತಪಾಸಣೆಗೆ ಬಂದ ಸಾಹೇಬರೊಬ್ಬರು ಮರದ ಕೆಳಗೆ ಕುರ್ಚಿ ಹಾಕಿಸಿ ಕೂತಿದ್ದರು. ಮಾವನ ಮುಖ ಹೊಸ ಸ್ಟಾಂಪಿನಂತೆ ಬಿಗಿದುಕೊಂಡಿತ್ತು.

“ಗಂಟು ಬಿಚ್ಚಬೇಕು,” ಎಂದ, ತಂಗಿಯ ಮುಖ ನೋಡದೆ.

“ಯಾಕೋ ಅಣ್ಣಾ? ಪಂಚಮಿ ಉಂಡಿ ಅವು. ನಿನಗಽ ತಂದೀನಿ.”

“ಕಾಯ್ದೆ ಐತಿ. ಉಂಡಿಯೊಳಗ ತಂಬಾಕು ಇಟ್ಟು ಒಯ್ಯೋರು ಅದಾರ.”

ಒಂದನ್ನು ನೋಡಿದರೆ ಸಾಕೆಂದು ಸಾಹೇಬರೇ ಕೈಯಾಡಿಸಿದರು. ಆದರೆ ನಿಷ್ಠೆಗೆ ಎಲ್ಲಿಯ ಸಾಕು? ಮಾವ ಮೂಟೆ ಚುಚ್ಚುವ ಕಬ್ಬಿಣದ ಸಳಿ ತಂದು ಇಪ್ಪತ್ತೊಂದು ಉಂಡಿಗಳನ್ನೂ ಒಡೆದ. ಸಂಸ್ಥಾನ ಉಳಿಯಿತು. ಅವ್ವ ಪುಡಿಯನ್ನು ಗಂಟು ಕಟ್ಟಿ ಎದ್ದಳು. ಹಬ್ಬದ ಉಂಡಿಯನ್ನು ಇಡಿಯಾಗಿಯೇ ಅಣ್ಣನ ಕೈಗೆ ಕೊಡಬೇಕು, ಅದು ನಮ್ಮಲ್ಲಿಯ ಪದ್ಧತಿ. “ಇನ್ನ ಈ ನಾಕಾದ ಮಣ್ಣು ನನ್ನ ಕಾಲಿಗೆ ಹತ್ತೂದಿಲ್ಲ,” ಎಂದಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ.

ಅಲ್ಲಿಂದ ಶುರುವಾಯಿತು ನಮ್ಮ ಚಾರಣ. ನಾಕಾ ತಪ್ಪಿಸಲು ಬೆಲ್ಲ ಕದ್ದು ಸಾಗಿಸುವವರು ಮೊದಲೇ ಒಂದು ಕಾಲುದಾರಿ ಮಾಡಿದ್ದರು. ಹಳ್ಳಕ್ಕೆ ಇಳಿದು, ಜಾಲಿಕಂಟಿಯಲ್ಲಿ ನುಸುಳಿ, ಹೊಳೆಯ ದಂಡೆ ಹತ್ತಿ, ದಿಬ್ಬ ಸುತ್ತಿ ಮತ್ತೆ ಬಂಡಿದಾರಿಗೆ ಸೇರುವ ದಾರಿ. ಶಾಲಾ ಮಾಸ್ತರರ ಹೆಂಡತಿಯಾದ ನಮ್ಮವ್ವ ಆ ಗಣ್ಯರ ಸಂಘ ಸೇರಿದಳು. ಪ್ರತಿ ಪಂಚಮಿಗೂ ಪದ್ಧತಿ ತಪ್ಪದೆ ಮಾವ ತಂಗಿಯನ್ನು ಕರೆಯಲು ನಮ್ಮ ಮನೆಗೆ ಬರುತ್ತಿದ್ದ. ಪದ್ಧತಿ ತಪ್ಪದೆ ಅವ್ವ ಹೊರಡುತ್ತಿದ್ದಳು. ಅವನು ನೇರ ದಾರಿಯಲ್ಲಿ ಒಬ್ಬನೇ, ನಾವು ಸೊಟ್ಟ ದಾರಿಯಲ್ಲಿ ಮುಳ್ಳು ಕೀಳುತ್ತ. ಹೊಳೆಯ ಸೊಬಗು? ಅವ್ವ ಒಮ್ಮೆಯೂ ಆ ಕಡೆ ತಲೆಯೆತ್ತಿ ನೋಡಿದ್ದು ನನಗೆ ನೆನಪಿಲ್ಲ.

ಅಜ್ಜಿಯ ಮನೆಯಲ್ಲಿ ಮೂರು ದಿನವಿದ್ದರೂ ಅವ್ವನಿಗೆ ಅಣ್ಣನೊಂದಿಗೆ ಮಾತಿಲ್ಲ. ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಪಾಲು ಹೇಳುತ್ತಾರಲ್ಲ, ಅವ್ವನೂ ಹೇಳುತ್ತಿದ್ದಳು: “ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು...” ಮುಂದೆ ‘ಅಣ್ಣನ ಪಾಲು’ ಬರಬೇಕು. ಅವ್ವ ಉಸಿರು ತೆಗೆದುಕೊಂಡು “ನಾಕಾದವನ ಪಾಲು” ಎನ್ನುತ್ತಿದ್ದಳು. ಹಿಂದೆ ನಿಂತ ಮಾವ ನೆಲ ನೋಡುತ್ತಿದ್ದ. ನಾನು ಬಾಯಿಗೆ ಕೈ ಒತ್ತಿ ನಗುತ್ತಿದ್ದೆ. ಈ ನಾಲಿಗೆ ನನಗೆ ಬಂದದ್ದು ಎಲ್ಲಿಂದ ಎಂದು ಇನ್ನು ಕೇಳಬೇಡಿ.

ಸ್ವಾತಂತ್ರ್ಯ ಬಂತು. ಮರುವರ್ಷ ಸಂಸ್ಥಾನವೂ ಮುಂಬಯಿ ಪ್ರಾಂತದಲ್ಲಿ ಕರಗಿತು. ನಾಕಾಕ್ಕೆ ಬೀಗ ಬಿತ್ತು, ಅಡ್ಡಗಳವನ್ನು ಯಾರೋ ಒಲೆಗೆ ಒಯ್ದರು, ಮಾವನ ನೌಕರಿ ಹೋಯಿತು. ಇನ್ನಾದರೂ ನೇರ ಹೋಗೋಣವೆಂದು ಅಪ್ಪ ಹೇಳಿದರೆ ಅವ್ವ, “ನಾಕಾ ಹೋಗೇತ್ರಿ. ಮಣ್ಣು ಅಲ್ಲೇ ಐತಿ,” ಎಂದಳು. ಅವಳನ್ನೊಬ್ಬಳನ್ನೇ ಏಕೆ ಅನ್ನಲಿ? ಊರಿಗೂರೇ ರೂಢಿ ಬಿದ್ದು ಸೊಟ್ಟ ದಾರಿಯಲ್ಲೇ ನಡೆಯುತ್ತಿತ್ತು. ದೇಶ ಸ್ವತಂತ್ರವಾದ ಮೇಲೂ ಇಲ್ಲದ ನಾಕಾಕ್ಕೆ ಹೆದರಿ ಹಳ್ಳಕ್ಕೆ ಇಳಿಯುತ್ತಿದ್ದ ವೀರರು ನಾವು. ಮಾವ ಮಾತ್ರ ದಿನಾ ಅದೇ ಕೋಟು ತೊಟ್ಟು ಬೇವಿನ ಕೆಳಗೆ ಹೋಗಿ ಕೂಡುತ್ತಿದ್ದ. ಯಾರನ್ನು ಕಾಯುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಉಂಡಿ ಒಡೆದಾಗಿನಿಂದ ಹೀಗೆಯೇ ಹತ್ತು ವರ್ಷ. ಏಕೀಕರಣವಾದ ದಿನ ಅಪ್ಪ ಶಾಲೆಯಲ್ಲಿ ಭಾಷಣ ಮಾಡಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದರು. “ಹರಿದು ಹಂಚಿಹೋದ ಕನ್ನಡದವರೆಲ್ಲಾ ಇವತ್ತು ಒಂದಾದ್ವಿ ನೋಡ!”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಹೌದೇನ್ರಿ? ಈ ಖಬರ ನಮ್ಮ ಅಣ್ಣಗ ಮುಟ್ಟೇತೇನ?”

ಅಪ್ಪ ಮುಟ್ಟಿಸಿದರೆಂದು ಕಾಣುತ್ತದೆ. ಮರುವರ್ಷದ ಪಂಚಮಿಗೆ ಮಾವ ಕರೆಯಲು ಬರಲಿಲ್ಲ. ಅವ್ವ ಎರಡು ದಿನ ಬಾಗಿಲು ನೋಡಿದಳು, ಮೂರನೆಯ ದಿನ ನನ್ನನ್ನು ಕರೆದುಕೊಂಡು ತಾನೇ ಹೊರಟಳು. ಹೊಳೆಯ ದಂಡೆ ಹತ್ತಿದರೆ ಅಲ್ಲಿ, ಸೊಟ್ಟ ದಾರಿಯ ನಟ್ಟನಡುವೆ, ಚಪ್ಪಟೆ ಬಂಡೆಯ ಮೇಲೆ ಕರಿ ಕೋಟು ಕೂತಿತ್ತು. ಕೋಟಿಗೆ ಜಾಲಿಮುಳ್ಳು ಮೆತ್ತಿದ್ದವು.

“ಗಂಟು ಬಿಚ್ಚು ತಂಗೀ.”

ಅವ್ವ ನಿಂತಳು. ಹನ್ನೊಂದು ವರ್ಷದ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು: “ಯಾವ ಸರಕಾರದ ಹುಕುಂ?”

“ಯಾವುದೂ ಇಲ್ಲವಾ. ಹಸಿವಿ ಆಗೇತಿ.” ಮಾವ ಕೈ ಚಾಚಿದ. “ಇಪ್ಪತ್ತೊಂದು ಒಡದೆ. ಒಂದೂ ಬಾಯಿಗೆ ಬೀಳಲಿಲ್ಲ.”

ಅವ್ವ ಕೂತು ಗಂಟು ಬಿಚ್ಚಿದಳು. ಇಡಿಯ ಉಂಡಿಯೊಂದನ್ನು ಅವನ ಕೈಗಿಟ್ಟು, “ಒಡೀಬ್ಯಾಡ, ಹಂಗಽ ತಿನ್ನು,” ಎಂದಳು. ಅವನು ಇಡಿಯದನ್ನೇ ಬಾಯಿಗೆ ತುರುಕಿಕೊಂಡು ಕೆಮ್ಮಿದ. ಅವಳು ಬೆನ್ನು ಗುದ್ದಿದಳು, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಆಮೇಲೆ ಇಬ್ಬರೂ ಅತ್ತರು. ನಾನೂ ಅತ್ತೆ.

ಹಾಗೆಂದು ಅವ್ವ ನೇರ ದಾರಿಗೆ ಬಂದಳು ಎಂದುಕೊಳ್ಳಬೇಡಿ. ಆಡಿದ ಮಾತು ಆಡಿದಂತೆಯೇ. ಸಾಯುವವರೆಗೂ ನಾಕಾದ ಮಣ್ಣು ತುಳಿಯಲಿಲ್ಲ. ಪ್ರತಿ ವರ್ಷ ಮಾವನೇ ಆ ಬಂಡೆಗೆ ಬಂದು ಕೂಡುತ್ತಿದ್ದ. ಹಾಲೆರೆಯುವಾಗಲೂ “ನಾಕಾದವನ ಪಾಲು” ಹಾಗೇ ಉಳಿಯಿತು. ಹಿಂದಿನಿಂದ ಮಾವ “ಹಾಜರ್!” ಎನ್ನುತ್ತಿದ್ದ, ಮನೆಯೆಲ್ಲ ನಗುತ್ತಿತ್ತು. ‘ಅಣ್ಣನ ಪಾಲು’ ಎಂದು ಅವ್ವ ಮತ್ತೆಂದೂ ಅನ್ನಲಿಲ್ಲ. ಮಾವ ತೀರಿಹೋದ ವರ್ಷವೂ, ‘ಅವ್ವನ ಪಾಲು’ ಎಂಬಲ್ಲಿಗೆ ನಿಲ್ಲಿಸಿ, ಹಾಲಿನ ಬಟ್ಟಲು ಕೆಳಗಿಟ್ಟು ಎದ್ದುಬಿಟ್ಟಳು.

ಈಗ ಆ ಬಂಡೆಗೆ ಕಬ್ಬಿಣದ ಕಟಾಂಜನ ಹಾಕಿ ‘ವೀಕ್ಷಣಾ ಸ್ಥಳ’ ಮಾಡಿದ್ದಾರಂತೆ. ನಾಕಾ ತಪ್ಪಿಸಲು ಮಾಡಿದ ದಾರಿಯ ಬಾಯಿಗೇ ನಾಕಾ ಬಂದು ಕೂತಿದೆ. ನಾನು ಡಬ್ಬಿ ಕಸಿದು ಮುಚ್ಚಳ ಒತ್ತಿದೆ.

“ಆ ಬೇವಿನ ಗಿಡದ ಕಡೆ ದಾರಿ ಐತೇನಪಾ?”

“ಐತ್ರಿ ಆಯಿ. ಆದ್ರ ಅಲ್ಲಿ ನೋಡಾಕ ಏನೂ ಇಲ್ರಿ,” ಎಂದ ಕಾವಲುಗಾರ, ಪಾಪ.

ದಾರಿಯುದ್ದಕ್ಕೂ ಸವಿತಾಳಿಗೆ ಈ ಕತೆ ಹೇಳುತ್ತ ಹೋದೆ. ಅವನಂದದ್ದು ಖರೆ, ಅಲ್ಲಿ ಏನೂ ಇರಲಿಲ್ಲ. ಕೋಣೆಯ ಅಡಿಪಾಯದ ನಾಲ್ಕು ಕಲ್ಲು, ಮುದಿ ಬೇವು, ಸುತ್ತ ಕರಿಮಣ್ಣು. ಹೆಜ್ಜೆ ಇಡುವ ಮೊದಲು ನನ್ನ ಕಾಲು ಒಂದು ಗಳಿಗೆ ತಡೆಯಿತು. ಆಮೇಲೆ ಇಟ್ಟೆ. ಮಣ್ಣು ಹೊಸ ಬೂಟಿಗೆ ಅಂಟಿತು. ಅವ್ವ ನನ್ನನ್ನು ಬೈದಾಳೆಂದು ಅನಿಸಿತು, ಬೈಯಲಿ ಎಂದೂ ಅನಿಸಿತು.

ಒಡೆದದ್ದನ್ನು ಬಿಟ್ಟು ಒಂದು ಇಡಿ ಉಂಡಿ ಆರಿಸಿ ಬೇವಿನ ಬುಡದಲ್ಲಿಟ್ಟೆ. ‘ನಾಕಾದವನ ಪಾಲು’ ಎಂದು ಹೇಳಿ ಸವಿತಾಳನ್ನು ನಗಿಸಬೇಕೆಂದಿದ್ದೆ. ಬಾಯಿಂದ ಬಂದದ್ದೇ ಬೇರೆ.

“ಅಣ್ಣನ ಪಾಲು.”

ಸವಿತಾ ನನ್ನ ಮೊಣಕೈ ಹಿಡಿದಳು. “ನಮ್ಮ ಮುತ್ಯಾ ನಿಮಗ ಮಾವ ಆಗಬೇಕಲ್ಲ ಅತ್ತಿ?”

“ನನಗ ಮಾವನಽ,” ಎಂದೆ. “ಇದು ನಮ್ಮವ್ವ ಅನ್ನಬೇಕಾಗಿತ್ತು.”